ಸರೋವರದ ದಡದಲ್ಲಿ ಊರೇ ಮಾಲೀಕ

ನಗರಸಭೆಯ ಆದಾಯ ಎಂದರೆ ನಮಗೆ ಗೊತ್ತಿರುವುದು ಮನೆ ಕಂದಾಯ, ನೀರಿನ ಕರ, ಮಳಿಗೆಗಳ ಬಾಡಿಗೆ. ಉಳಿದದ್ದಕ್ಕೆ ಸರ್ಕಾರದ ಅನುದಾನದ ದಾರಿ ಕಾಯಬೇಕು. ಜರ್ಮನಿಯ ದಕ್ಷಿಣ ಅಂಚಿನಲ್ಲಿರುವ ಫ್ರೀಡ್ರಿಕ್ಸ್‌ಹಾಫೆನ್ ಎಂಬ ಊರಿನ ಲೆಕ್ಕವೇ ಬೇರೆ. ಕಾರು, ಬಸ್ಸು, ಲಾರಿಗಳಿಗೆ ಗೇರ್‌ಬಾಕ್ಸ್ ಮಾಡುವ ಜೆಡ್‌ಎಫ್ ಎಂಬ ದೈತ್ಯ ಕಂಪನಿಯಲ್ಲಿ ಶೇ 93.8ರಷ್ಟು ಪಾಲು ಈ ಊರಿನ ನಗರಾಡಳಿತವೇ ನಡೆಸುವ ಪ್ರತಿಷ್ಠಾನದ ಕೈಯಲ್ಲಿದೆ. ಊರಿನ ಜನಸಂಖ್ಯೆ ಸುಮಾರು 60 ಸಾವಿರ, ಹೆಚ್ಚುಕಡಿಮೆ ನಮ್ಮ ಶಿರಸಿಯಷ್ಟು. 2024ರಲ್ಲಿ ಕಂಪನಿಯ ನೌಕರರು ಜಗತ್ತಿನಾದ್ಯಂತ ಸುಮಾರು 1.6 ಲಕ್ಷ ಇದ್ದರು. ಆ ವರ್ಷದ ವಹಿವಾಟು 4,100 ಕೋಟಿ ಯೂರೋ ದಾಟಿತ್ತು.

ಇಷ್ಟು ದೊಡ್ಡ ಕಂಪನಿ ಇಷ್ಟು ಸಣ್ಣ ಊರಿನ ಪಾಲಾದದ್ದು ಯಾವುದೇ ಸಮಾಜವಾದಿ ಕ್ರಾಂತಿಯಿಂದಲ್ಲ, ಸರ್ಕಾರದ ಕೈಗಾರಿಕಾ ನೀತಿಯಿಂದಲೂ ಅಲ್ಲ. ಒಬ್ಬ ಮುದುಕನ ಹಾರಾಟದ ಹುಚ್ಚು, ಒಂದು ಬೆಂಕಿ ಅನಾಹುತ ಮತ್ತು ದಸ್ತಾವೇಜಿನ ಒಂದು ಷರತ್ತು ಸೇರಿ ಆದ ಕೆಲಸ ಇದು.

ಆಲ್ಪ್ಸ್ ಪರ್ವತಗಳ ಬುಡದಲ್ಲಿ 536 ಚದರ ಕಿಲೋಮೀಟರ್ ಹರಡಿರುವ ಕಾನ್‌ಸ್ಟನ್ಸ್ ಸರೋವರದ ಉತ್ತರದ ದಂಡೆಯಲ್ಲಿದೆ ಈ ಊರು. ಎದುರಿನ ದಂಡೆ ಸ್ವಿಟ್ಜರ್ಲೆಂಡ್, ಪೂರ್ವದ ತುದಿ ಆಸ್ಟ್ರಿಯಾ. ರೈನ್ ನದಿ ಒಂದು ಕಡೆಯಿಂದ ಒಳಬಂದು ಇನ್ನೊಂದು ಕಡೆಯಿಂದ ಹೊರಬೀಳುತ್ತದೆ. 1811ರಲ್ಲಿ ವ್ಯೂರ್ಟೆಂಬರ್ಗಿನ ದೊರೆ ಒಂದನೆಯ ಫ್ರೀಡ್ರಿಕ್ ಬುಖ್‌ಹಾರ್ನ್ ಎಂಬ ಹಳೆಯ ಪುಟ್ಟ ಪಟ್ಟಣವನ್ನೂ ಪಕ್ಕದ ಹೋಫೆನ್ ಮಠವನ್ನೂ ಒಂದುಗೂಡಿಸಿ ತನ್ನ ಹೆಸರಿಟ್ಟ. ಸ್ವಿಟ್ಜರ್ಲೆಂಡಿನ ಜೊತೆ ವ್ಯಾಪಾರಕ್ಕೆ ಅವನಿಗೊಂದು ಬಂದರು ಬೇಕಿತ್ತು. 1824ರಲ್ಲಿ ಹಬೆದೋಣಿ ಬಂತು, 1850ರ ಹೊತ್ತಿಗೆ ಸ್ಟುಟ್‌ಗಾರ್ಟ್‌ನಿಂದ ರೈಲು ಬಂತು, 1869ರಲ್ಲಿ ರೈಲು ಡಬ್ಬಿಗಳನ್ನೇ ಹೊತ್ತು ಸ್ವಿಸ್ ದಂಡೆಗೆ ದಾಟಿಸುವ ಹಡಗೂ ಬಂತು. ಮಠವು ರಾಜಮನೆತನದ ಬೇಸಿಗೆ ಅರಮನೆಯಾಯಿತು. ಕೈಗಾರಿಕೆ ಎಂದು ಹೇಳಿಕೊಳ್ಳಲು ಇದ್ದದ್ದು ಒಂದು ಚರ್ಮ ಹದಮಾಡುವ ಕಾರ್ಖಾನೆ. ಶತಮಾನ ಮುಗಿಯುವವರೆಗೂ ಊರು ಹೀಗೇ ಇತ್ತು.

ಅದನ್ನು ಬದಲಿಸಿದವರು ಕೌಂಟ್ ಫರ್ಡಿನಾಂಡ್ ಫಾನ್ ಜೆಪ್ಪೆಲಿನ್. 1838ರಲ್ಲಿ ಇದೇ ಸರೋವರದ ಆಚೆ ದಡದ ಕಾನ್‌ಸ್ಟನ್ಸ್ ಪಟ್ಟಣದಲ್ಲಿ ಹುಟ್ಟಿದ ಶ್ರೀಮಂತ, ವೃತ್ತಿಯಿಂದ ಸೈನಿಕ. 1863ರಲ್ಲಿ ಅಂತರ್ಯುದ್ಧವನ್ನು ನೋಡಲು ಅಮೆರಿಕಕ್ಕೆ ಹೋಗಿದ್ದಾಗ ಸೇಂಟ್ ಪಾಲ್ ನಗರದಲ್ಲಿ ಮೊದಲ ಬಾರಿಗೆ ಬಲೂನು ಏರಿದರು. 1890ರಲ್ಲಿ ಸೈನ್ಯದಿಂದ ನಿವೃತ್ತರಾದಾಗ ವಯಸ್ಸು 52. ಉಳಿದವರು ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಇವರು ಆಕಾಶದಲ್ಲಿ ಹಡಗು ತೇಲಿಸಲು ಹೊರಟರು. ಅಲ್ಯೂಮಿನಿಯಂ ಚೌಕಟ್ಟು, ಅದರೊಳಗೆ ಸಾಲಾಗಿ ಜಲಜನಕ ತುಂಬಿದ ಚೀಲಗಳು, ಮೇಲೆ ಹತ್ತಿ ಬಟ್ಟೆಯ ಹೊದಿಕೆ, ಕೆಳಗೆ ಎಂಜಿನ್. ತಜ್ಞರ ಸಮಿತಿ ಮೂಗು ಮುರಿಯಿತು. 1898ರಲ್ಲಿ 8 ಲಕ್ಷ ಮಾರ್ಕ್ ಬಂಡವಾಳದ ಕಂಪನಿ ಕಟ್ಟಿದಾಗ ಅದರಲ್ಲಿ ಅರ್ಧದಷ್ಟು ಹಣವನ್ನು ಅವರೇ ಕೈಯಿಂದ ಹಾಕಬೇಕಾಯಿತು.

ಈ ಕೆಲಸಕ್ಕೆ ಸರೋವರವೇ ಏಕೆ ಬೇಕಿತ್ತು ಎಂಬುದು ಸ್ವಾರಸ್ಯದ ವಿಷಯ. ನೂರು ಮೀಟರಿಗೂ ಉದ್ದದ, ಗಾಳಿಗಿಂತ ಹಗುರಾದ ವಸ್ತುವನ್ನು ಕೊಟ್ಟಿಗೆಯಿಂದ ಹೊರಗೆಳೆಯುವಾಗ ಪಕ್ಕದಿಂದ ಗಾಳಿ ಬೀಸಿದರೆ ಅದು ಬಾಗಿಲಿಗೆ ಬಡಿದು ನುಜ್ಜಾಗುತ್ತದೆ. ಊರಿನ ಬಳಿಯ ಮಾನ್‌ಜೆಲ್ ಕೊಲ್ಲಿಯಲ್ಲಿ ತೇಲುವ ಕೊಟ್ಟಿಗೆ ಕಟ್ಟಿ ಒಂದು ಕಡೆ ಲಂಗರು ಹಾಕಿದರೆ ಕೊಟ್ಟಿಗೆ ತಾನಾಗಿಯೇ ಗಾಳಿಯ ದಿಕ್ಕಿಗೆ ತಿರುಗಿಕೊಳ್ಳುತ್ತದೆ. ಇಳಿಯುವಾಗಲೂ ನೆಲಕ್ಕಿಂತ ನೀರು ಮೆದು. 1900ರ ಜುಲೈ 2ರ ಸಂಜೆ 128 ಮೀಟರ್ ಉದ್ದದ ಮೊದಲ ವಾಯುನೌಕೆ ಇಲ್ಲಿಂದಲೇ ಎದ್ದು ಸುಮಾರು 18 ನಿಮಿಷ ಹಾರಿ ನೀರಿಗಿಳಿಯಿತು. ಇನ್ನೆರಡು ಹಾರಾಟದ ಹೊತ್ತಿಗೆ ದುಡ್ಡು ಮುಗಿದು ಕಂಪನಿ ಮುಚ್ಚಿತು, ನೌಕೆಯನ್ನು ಬಿಚ್ಚಿ ಗುಜರಿಗೆ ಹಾಕಲಾಯಿತು. ಎರಡನೆಯದು 1906ರ ಜನವರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಹಾಳಾಯಿತು. ಮೂರನೆಯದು ಪಾಸಾಯಿತು. ಸರ್ಕಾರ ನಾಲ್ಕನೆಯದಕ್ಕೆ ಒಂದು ಪರೀಕ್ಷೆ ಒಡ್ಡಿತು: ಇಪ್ಪತ್ತನಾಲ್ಕು ಗಂಟೆ ಹಾರಿ ತೋರಿಸಿದರೆ ಕೊಳ್ಳುತ್ತೇವೆ.

1908ರ ಆಗಸ್ಟ್ 4ರ ಬೆಳಿಗ್ಗೆ ನೌಕೆ ಹೊರಟಿತು. ಬಾಸೆಲ್, ಸ್ಟ್ರಾಸ್‌ಬರ್ಗ್, ಮೈನ್ಸ್ ನಗರಗಳ ಮೇಲೆ ಹಾದು ಬರುವಾಗ ಎಂಜಿನ್ ಕೈಕೊಟ್ಟಿತು. ಮರುದಿನ ಸ್ಟುಟ್‌ಗಾರ್ಟ್ ಹತ್ತಿರದ ಎಕ್ಟರ್‌ಡಿಂಗೆನ್ ಹೊಲಗಳಲ್ಲಿ ಇಳಿಸಿ ರಿಪೇರಿಗೆ ಡೈಮ್ಲರ್ ಕಾರ್ಖಾನೆಯ ಮೆಕ್ಯಾನಿಕ್ಕುಗಳಿಗೆ ಹೇಳಿಕಳಿಸಿದರು. ಸುದ್ದಿ ತಿಳಿದು ಸಾವಿರಾರು ಜನ ನೋಡಲು ನೆರೆದರು. ಮಧ್ಯಾಹ್ನ ಎದ್ದ ಬಿರುಗಾಳಿ ಹಗ್ಗ ಕಿತ್ತುಕೊಂಡು ನೌಕೆಯನ್ನು ಎತ್ತೊಯ್ದು ಮರಕ್ಕೆ ಬಡಿಯಿತು. ಜಲಜನಕ ಹೊತ್ತಿಕೊಂಡು ಕ್ಷಣಮಾತ್ರದಲ್ಲಿ ಎಲ್ಲವೂ ಬೂದಿ. (ಈಗ ಸ್ಟುಟ್‌ಗಾರ್ಟ್ ವಿಮಾನ ನಿಲ್ದಾಣ ಇರುವುದು ಇದೇ ಎಕ್ಟರ್‌ಡಿಂಗೆನ್‌ನಲ್ಲಿ.)

ಎಪ್ಪತ್ತು ವರ್ಷದ ಮುದುಕನ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬೆಂಕಿಯನ್ನು ಕಣ್ಣಾರೆ ಕಂಡವರೇ ಚಂದಾ ಎತ್ತಲು ಶುರು ಮಾಡಿದರು. ಪತ್ರಿಕೆಗಳು ಕೈಜೋಡಿಸಿದವು. ಶಾಲೆಯ ಮಕ್ಕಳು ಚಿಲ್ಲರೆ ಕಾಸು ಕಳಿಸಿದರು, ಕ್ಲಬ್ಬುಗಳು, ಕಂಪನಿಗಳು, ಹಳ್ಳಿಗಳು ಕೊಟ್ಟವು. ಒಟ್ಟು 60 ಲಕ್ಷ ಮಾರ್ಕಿಗೂ ಹೆಚ್ಚು ಸೇರಿತು. ಸರ್ಕಾರ ಪರೀಕ್ಷೆಯಲ್ಲಿ ಫೇಲು ಮಾಡಿದವನನ್ನು ಜನ ಪಾಸು ಮಾಡಿದ್ದರು. ರಾಷ್ಟ್ರಾಭಿಮಾನದ ಅಮಲು ಇದರಲ್ಲಿ ಧಾರಾಳವಾಗಿಯೇ ಇತ್ತು ಎನ್ನುವುದನ್ನು ಮರೆಯುವಂತಿಲ್ಲ, ಆರು ವರ್ಷಗಳ ನಂತರ ಅದೇ ಅಮಲು ಯುದ್ಧಕ್ಕೆ ಎಳೆಯಿತು. ಆದರೂ ಆ ದುಡ್ಡು ಹೇಗೆ ಬಳಕೆಯಾಯಿತು ಎಂಬುದನ್ನು ನೋಡಬೇಕು. ಅದೇ ವರ್ಷ ವಾಯುನೌಕೆ ಕಟ್ಟುವ ಕಂಪನಿ ಹುಟ್ಟಿತು. ಡಿಸೆಂಬರ್ ಕೊನೆಯಲ್ಲಿ ಜನರ ಹಣದ ಒಡೆತನಕ್ಕೆ ಜೆಪ್ಪೆಲಿನ್ ಪ್ರತಿಷ್ಠಾನ ಹುಟ್ಟಿತು. ಅದರ ದಸ್ತಾವೇಜಿನಲ್ಲಿ ಒಂದು ಷರತ್ತು: ವಾಯುನೌಕೆಯ ಉದ್ದೇಶವನ್ನು ಮುಂದೊಂದು ದಿನ ನಡೆಸಲಾಗದೆ ಹೋದರೆ ಪ್ರತಿಷ್ಠಾನದ ಆಸ್ತಿ ಫ್ರೀಡ್ರಿಕ್ಸ್‌ಹಾಫೆನ್ ನಗರಕ್ಕೆ ಸೇರಬೇಕು, ಅದನ್ನು ಧರ್ಮಕಾರ್ಯಗಳಿಗೆ ಬಳಸಬೇಕು. ಆಗ ಇದನ್ನು ಯಾರೂ ಗಂಭೀರವಾಗಿ ಓದಿರಲಿಕ್ಕಿಲ್ಲ. ಸಂಸ್ಥೆಗಳ ದಾಖಲೆಗಳಲ್ಲಿ ಇಂಥ ಸಾಲುಗಳು ವಕೀಲರ ಅಭ್ಯಾಸಬಲದಿಂದ ಬಂದು ಕೂರುತ್ತವೆ.

ವಾಯುನೌಕೆ ಎಂದರೆ ಒಂದು ವಸ್ತುವಲ್ಲ, ನೂರು ಸಮಸ್ಯೆಗಳ ಕಂತೆ. ಆ ಸಮಸ್ಯೆಗಳನ್ನು ಬಿಡಿಸಲು ಊರಿಗೆ ಬಂದ ಒಬ್ಬೊಬ್ಬ ಎಂಜಿನಿಯರನ ಹಿಂದೆಯೂ ಒಂದೊಂದು ಕಾರ್ಖಾನೆ ಎದ್ದಿತು. ಹಗುರಾದ, ಗಂಟೆಗಟ್ಟಲೆ ನಿಲ್ಲದೆ ಓಡುವ ಎಂಜಿನ್ ಬೇಕಿತ್ತು. ಡೈಮ್ಲರ್‌ನ ಹಳೆಯ ತಲೆ ವಿಲ್ಹೆಲ್ಮ್ ಮೈಬಾಖ್ ಮತ್ತು ಮಗ ಕಾರ್ಲ್ 1909ರಲ್ಲಿ ಎಂಜಿನ್ ಕಂಪನಿ ಆರಂಭಿಸಿ, 1912ರಲ್ಲಿ ಅದನ್ನು ಸರೋವರದ ದಡಕ್ಕೆ ತಂದರು. ಎಂಜಿನ್ನಿನ ಶಕ್ತಿಯನ್ನು ದೂರದ ಪಂಖಗಳಿಗೆ ಸಾಗಿಸುವ ಹಲ್ಲುಚಕ್ರಗಳು ಸವೆಯುತ್ತಿದ್ದವು, ಕಿರುಗುಟ್ಟುತ್ತಿದ್ದವು. ಸ್ವಿಸ್ ಎಂಜಿನಿಯರ್ ಮಾಕ್ಸ್ ಮಾಗ್ ಕಂಡುಹಿಡಿದ ನಿಖರ ವಿಧಾನದಲ್ಲಿ ಹಲ್ಲು ಕೊರೆಯಲೆಂದೇ 1915ರಲ್ಲಿ ಒಂದು ಹಲ್ಲುಚಕ್ರದ ಕಾರ್ಖಾನೆ ತೆರೆಯಿತು. ಅದೇ ಜೆಡ್‌ಎಫ್. ಕ್ಲೌಡ್ ಡಾರ್ನಿಯರ್ ಎಂಬ ತರುಣ 1910ರಲ್ಲಿ ಕೆಲಸಕ್ಕೆ ಸೇರಿ, ಲೋಹದ ವಿಮಾನಗಳ ಹಿಂದೆ ಬಿದ್ದು ತನ್ನದೇ ಕಂಪನಿ ಬೆಳೆಸಿದ. ವ್ಯವಹಾರ ನೋಡಿಕೊಂಡ ಆಲ್ಫ್ರೆಡ್ ಕೋಲ್ಸ್‌ಮನ್, ವಲಸೆ ಬಂದ ಕಾರ್ಮಿಕರಿಗಾಗಿ 1914ರಿಂದ ಕೈತೋಟವಿರುವ ಮನೆಗಳ ಒಂದು ಬಡಾವಣೆಯನ್ನೇ ಕಟ್ಟಿಸಿದರು. ಜೆಪ್ಪೆಲಿನ್ ಹಳ್ಳಿ ಎಂದೇ ಅದಕ್ಕೆ ಹೆಸರು.

ಇವೆಲ್ಲಕ್ಕಿಂತ ವಿಚಿತ್ರವಾದದ್ದು ಅನಿಲದ ಚೀಲಗಳ ಕಥೆ. ಜಲಜನಕ ಸೋರದಂತೆ ತಡೆಯುವ, ತೂಕವೂ ಇಲ್ಲದ ಪದಾರ್ಥ ಆ ಕಾಲದಲ್ಲಿ ಒಂದೇ, ದನದ ಕರುಳಿನ ಹೊರಪೊರೆ. ಒಂದು ನೌಕೆಗೆ ಲಕ್ಷಗಟ್ಟಲೆ ದನಗಳ ಪೊರೆ ಬೇಕು. ಸ್ವಚ್ಛ ಮಾಡಿ, ಒದ್ದೆಯಾಗಿರುವಾಗಲೇ ಒಂದರ ಅಂಚಿಗೊಂದು ಅಂಟಿಸಿ, ಬಟ್ಟೆಗೆ ಹಚ್ಚುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಕರುಳನ್ನೆಲ್ಲ ನೌಕೆಗಳಿಗೆ ಮೀಸಲಿಟ್ಟಿದ್ದರಿಂದ ಸಾಸೇಜ್ ಪ್ರಿಯ ಜರ್ಮನ್ನರು ಬಾಯಿ ಕಟ್ಟಬೇಕಾಯಿತು.

ಆ ಯುದ್ಧದಲ್ಲಿ ಮಕ್ಕಳ ಚಿಲ್ಲರೆ ಕಾಸಿನಿಂದ ಹುಟ್ಟಿದ ಕಂಪನಿಯ ನೌಕೆಗಳು ಲಂಡನ್ ಮೇಲೆ ಬಾಂಬು ಸುರಿದವು. ಬ್ರಿಟನ್ನಿನಲ್ಲಿ ಸತ್ತವರು 500ಕ್ಕೂ ಹೆಚ್ಚು, ಬಹುಪಾಲು ಸಾಮಾನ್ಯ ಜನ. ಬ್ರಿಟಿಷರೂ ಸುಮ್ಮನಿರಲಿಲ್ಲ. 1914ರ ನವೆಂಬರ್ 21ರಂದೇ ಮೂರು ಪುಟ್ಟ ವಿಮಾನಗಳು ಫ್ರಾನ್ಸ್‌ನಿಂದ ಹಾರಿಬಂದು ಫ್ರೀಡ್ರಿಕ್ಸ್‌ಹಾಫೆನ್ ಕೊಟ್ಟಿಗೆಗಳ ಮೇಲೆ ಬಾಂಬು ಹಾಕಿದ್ದವು. ದೂರದ ಕಾರ್ಖಾನೆಯನ್ನು ಗುರಿಮಾಡಿ ನಡೆದ ಜಗತ್ತಿನ ಮೊದಮೊದಲ ವಿಮಾನ ದಾಳಿಗಳಲ್ಲಿ ಇದೂ ಒಂದು. ಕೌಂಟ್ 1917ರಲ್ಲಿ ತೀರಿಕೊಂಡರು.

ಸೋತ ಜರ್ಮನಿಗೆ ವರ್ಸೇಲ್ಸ್ ಒಪ್ಪಂದ ಕೈಕೋಳ ತೊಡಿಸಿತು. ಡಾರ್ನಿಯರ್ ತನ್ನ ಪ್ರಸಿದ್ಧ 'ವಾಲ್' ನೀರುವಿಮಾನವನ್ನು ಇಟಲಿಗೆ ಹೋಗಿ ಕಟ್ಟಿದ. ಮೈಬಾಖ್ ಐಷಾರಾಮಿ ಕಾರುಗಳತ್ತ ಹೊರಳಿದ. ಹಲ್ಲುಚಕ್ರದವರು ಮೋಟಾರು ಗಾಡಿಗಳ ಗೇರ್‌ಬಾಕ್ಸ್‌ಗೆ ಕೈಹಾಕಿದರು. ವಾಯುನೌಕೆಯ ಕಾರ್ಖಾನೆಯನ್ನು ಮುಚ್ಚದಂತೆ ಉಳಿಸಿದ್ದು ಹ್ಯೂಗೋ ಎಕ್‌ನರ್. ಪತ್ರಕರ್ತನಾಗಿ ಮೊದಲು ಜೆಪ್ಪೆಲಿನ್‌ನ ಹಾರಾಟಗಳನ್ನು ಟೀಕಿಸಿ ಬರೆದು, ಕೊನೆಗೆ ಅದರ ಪೈಲಟ್ಟೇ ಆದ ಮನುಷ್ಯ. ಯುದ್ಧಪರಿಹಾರದ ಲೆಕ್ಕದಲ್ಲಿ ಅಮೆರಿಕಕ್ಕೆ ಒಂದು ನೌಕೆ ಕಟ್ಟಿಕೊಡುತ್ತೇವೆಂದು ಒಪ್ಪಿಸಿ, 1924ರ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ದಾಟಿ ತಾವೇ ತಲುಪಿಸಿ ಬಂದರು. ಮತ್ತೆ ಜನರಿಂದ ಚಂದಾ ಎತ್ತಿ ಕಟ್ಟಿದ 'ಗ್ರಾಫ್ ಜೆಪ್ಪೆಲಿನ್' 1928ರಲ್ಲಿ ಹಾರಿತು. ಮರುವರ್ಷ ಆಗಸ್ಟ್‌ನಲ್ಲಿ ಅಮೆರಿಕದ ಲೇಕ್‌ಹರ್ಸ್ಟ್‌ನಿಂದ ಫ್ರೀಡ್ರಿಕ್ಸ್‌ಹಾಫೆನ್, ಅಲ್ಲಿಂದ ಸೈಬೀರಿಯಾ ದಾಟಿ ಟೋಕಿಯೊ, ಪೆಸಿಫಿಕ್ ದಾಟಿ ಲಾಸ್ ಏಂಜಲೀಸ್, ಮತ್ತೆ ಲೇಕ್‌ಹರ್ಸ್ಟ್ ಹೀಗೆ ಸುಮಾರು ಮೂರು ವಾರದಲ್ಲಿ ಭೂಮಿಯನ್ನು ಸುತ್ತಿತು. ಆಮೇಲೆ ಬ್ರೆಜಿಲ್‌ಗೆ ಬಸ್ಸಿನಂತೆ ವೇಳಾಪಟ್ಟಿ ಹಾಕಿಕೊಂಡು ಓಡಾಡಿತು. ಇಷ್ಟೆಲ್ಲ ಮಾಡಿದರೂ ಅದರಿಂದ ಒಬ್ಬ ಪ್ರಯಾಣಿಕನ ಪ್ರಾಣಕ್ಕೂ ಅಪಾಯವಾಗಲಿಲ್ಲ.

ಬ್ರಿಟಿಷರಿಗೂ ಇಂಥದೇ ಆಸೆ ಇತ್ತು. ಇಂಗ್ಲೆಂಡಿನಿಂದ ಇಂಡಿಯಾಕ್ಕೆ ವಾಯುನೌಕೆ ಬಿಡುವ ಯೋಜನೆಗೆ ಕರಾಚಿಯಲ್ಲಿ ಭಾರಿ ಕೊಟ್ಟಿಗೆಯನ್ನೂ ಕಟ್ಟಿ ನಿಲ್ಲಿಸಿದರು. 1930ರ ಅಕ್ಟೋಬರ್ 5ರಂದು ಅವರ 'ಆರ್101' ಇಂಡಿಯಾದತ್ತ ಹೊರಟ ಮೊದಲ ಪಯಣದಲ್ಲೇ ಫ್ರಾನ್ಸ್‌ನಲ್ಲಿ ಬಿದ್ದು ಉರಿದು 48 ಜನ ಸತ್ತರು. ಕರಾಚಿಯ ಕೊಟ್ಟಿಗೆಗೆ ಯಾವ ನೌಕೆಯೂ ಬರಲಿಲ್ಲ.

ಹಿಂಡನ್‌ಬರ್ಗ್ ಕಥೆ ಎಲ್ಲರಿಗೂ ಗೊತ್ತು. ಇದೇ ಊರಿನಲ್ಲಿ ಕಟ್ಟಿದ 245 ಮೀಟರ್ ಉದ್ದದ ನೌಕೆ 1937ರ ಮೇ 6ರಂದು ಲೇಕ್‌ಹರ್ಸ್ಟ್‌ನಲ್ಲಿ ಇಳಿಯುವಾಗ ಹೊತ್ತಿ ಉರಿದು 36 ಜನ ಸತ್ತರು. ಬೆಂಕಿ ಹತ್ತದ ಹೀಲಿಯಂ ಅಮೆರಿಕದ ಬಳಿ ಇತ್ತು, ಮಾರಲು ಅದರ ಕಾನೂನು ಬಿಡಲಿಲ್ಲ. ಆ ನೌಕೆಯ ಬಾಲದ ಮೇಲೆ ಸ್ವಸ್ತಿಕವಿತ್ತು. ನಾತ್ಸಿಗಳಿಗೆ ತಲೆಬಾಗದ ಎಕ್‌ನರ್ ಹೆಸರನ್ನೇ ಪತ್ರಿಕೆಗಳಲ್ಲಿ ಅಚ್ಚು ಮಾಡಬಾರದೆಂದು ಗೊಬೆಲ್ಸ್ ಆಜ್ಞೆ ಹೊರಡಿಸಿದ್ದ. 1940ರಲ್ಲಿ ಉಳಿದ ಎರಡು ನೌಕೆಗಳನ್ನು ಗೋರಿಂಗ್ ಆದೇಶದಂತೆ ಕತ್ತರಿಸಿ ಲೋಹಕ್ಕೆ ಹಾಕಿದರು.

ಆದರೆ ನೌಕೆ ಹೋದರೂ ಕಾರ್ಖಾನೆಗಳು ಉಳಿದವು. ಪ್ಯಾಂಥರ್, ಟೈಗರ್ ಟ್ಯಾಂಕುಗಳ ಎಂಜಿನ್ ವಿನ್ಯಾಸ ಮೈಬಾಖ್‌ದು, ಪ್ಯಾಂಥರ್‌ನ ಗೇರ್‌ಬಾಕ್ಸ್ ಜೆಡ್‌ಎಫ್‌ದು. ಜೆಪ್ಪೆಲಿನ್ ಕಾರ್ಖಾನೆಯಲ್ಲಿ ವಿ-2 ರಾಕೆಟ್ಟಿನ ಭಾಗಗಳು ತಯಾರಾಗುತ್ತಿದ್ದವು. ದುಡಿಯಲು ಪರದೇಶಗಳಿಂದ ಸಾವಿರಾರು ಜನರನ್ನು ಎಳೆದು ತಂದಿದ್ದರು. ದಾಖಾವ್ ಯಾತನಾ ಶಿಬಿರದ ಒಂದು ಶಾಖೆಯೇ ಊರಿನಲ್ಲಿತ್ತು. 1944ರ ಏಪ್ರಿಲ್ 28ರ ನಸುಕಿನಲ್ಲಿ 300ಕ್ಕೂ ಹೆಚ್ಚು ಬ್ರಿಟಿಷ್ ಲ್ಯಾಂಕಾಸ್ಟರ್ ವಿಮಾನಗಳು ಬಂದು ಹಳೆಯ ಊರನ್ನು ಸುಟ್ಟವು. ಕಾರ್ಖಾನೆಗಳನ್ನು ನೆಲದೊಳಗೆ ಅಡಗಿಸಲು ಹತ್ತಿರದ ಊಬರ್ಲಿಂಗೆನ್‌ನಲ್ಲಿ ಸುಮಾರು 800 ಕೈದಿಗಳಿಂದ ಬಂಡೆಯೊಳಗೆ ಸುರಂಗ ಕೊರೆಸಿದರು. ಏಳು ತಿಂಗಳಲ್ಲಿ 150ಕ್ಕೂ ಹೆಚ್ಚು ಜನ ಸತ್ತರು. ಕಾರ್ಖಾನೆ ಆ ಸುರಂಗಕ್ಕೆ ಹೋಗುವ ಮೊದಲೇ ಯುದ್ಧ ಮುಗಿಯಿತು. ಚಳಿಗಾಲದಲ್ಲಿ ಈಗ ಅಲ್ಲಿ ವಿಹಾರದ ದೋಣಿಗಳನ್ನು ಇಡುತ್ತಾರೆ. ಊರಿನ ಹೆಮ್ಮೆಯ ಕಥೆ ಹೇಳುವವರು ಈ ಭಾಗವನ್ನು ಬೇಗ ದಾಟಿಬಿಡುವುದುಂಟು. ಅದು ಸರಿಯಲ್ಲ. ಅದೇ ಯಂತ್ರ, ಅದೇ ಕಂಪನಿ, ಅದೇ ಕೌಶಲ.

ಯುದ್ಧದ ನಂತರ ಈ ಭಾಗ ಫ್ರೆಂಚರ ವಶಕ್ಕೆ ಬಂತು. ಅವರು ಯಂತ್ರಗಳನ್ನು ಬಿಚ್ಚಿ ಒಯ್ದರು. ವಾಯುನೌಕೆ ಕಟ್ಟುವ ಮಾತೇ ಇರಲಿಲ್ಲ. 1908ರ ಆ ಮರೆತ ಷರತ್ತು ಎದ್ದು ಕೂತದ್ದು ಆಗ. 1947ರಲ್ಲಿ ಜೆಪ್ಪೆಲಿನ್ ಪ್ರತಿಷ್ಠಾನದ ಆಸ್ತಿ ಫ್ರೀಡ್ರಿಕ್ಸ್‌ಹಾಫೆನ್ ನಗರದ ಪಾಲಾಯಿತು. ಆಗ ಆ ಆಸ್ತಿ ಎಂದರೆ ಬಹುಪಾಲು ಕಲ್ಲುಮಣ್ಣಿನ ರಾಶಿ ಮತ್ತು ಟ್ರ್ಯಾಕ್ಟರಿಗೆ ಗೇರ್‌ಬಾಕ್ಸ್ ಮಾಡಿ ಹೊಟ್ಟೆ ಹೊರೆಯುತ್ತಿದ್ದ ಒಂದು ಹಲ್ಲುಚಕ್ರದ ಕಾರ್ಖಾನೆ. ಆಮೇಲೆ ಜರ್ಮನಿ ಕಾರು ಕೊಂಡಿತು, ಯುರೋಪ್ ಲಾರಿ ಕೊಂಡಿತು, ರಾಶಿ ಬಂಗಾರವಾಯಿತು. ನೌಕೆ ಕಟ್ಟಿದ ಮೂಲ ಕಂಪನಿ ಸೈಲೋ, ಶೇಖರಣಾ ತೊಟ್ಟಿ ಮಾಡುತ್ತಾ 1954ರಲ್ಲಿ ಕ್ಯಾಟರ್‌ಪಿಲ್ಲರ್ ಯಂತ್ರಗಳ ಮಾರಾಟದ ಹಕ್ಕು ಪಡೆಯಿತು. ಮೈಬಾಖ್ ಕಾರ್ಖಾನೆ ಎಂಟಿಯು ಆಗಿ ಈಗ ರೋಲ್ಸ್‌ರಾಯ್ಸ್ ಗುಂಪಿನಲ್ಲಿದೆ. ಭಾರತದ ಅರ್ಜುನ್ ಟ್ಯಾಂಕಿನ 1,400 ಅಶ್ವಶಕ್ತಿಯ ಎಂಜಿನ್ ಎಂಟಿಯುದೇ. ಡಾರ್ನಿಯರ್ ಹೆಸರು ನಮ್ಮ ಪತ್ರಿಕೆ ಓದುಗರಿಗೆ ಇನ್ನೂ ಪರಿಚಿತ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಎಚ್‌ಎಎಲ್ ತನ್ನ ಕಾನ್ಪುರದ ಘಟಕದಲ್ಲಿ ಪರವಾನಗಿ ಪಡೆದು ಡಾರ್ನಿಯರ್ 228 ತಯಾರಿಸುತ್ತದೆ, ಕರಾವಳಿ ಕಾವಲು ಪಡೆ ಸಮುದ್ರದ ಮೇಲೆ ಕಣ್ಣಿಡುವುದು ಅದರಿಂದಲೇ.

ಜೆಡ್‌ಎಫ್ ಕಂಪನಿಯ ಲಾಭದಲ್ಲಿ ಬರುವ ಪಾಲು ನಗರದ ಖಜಾನೆಯ ಸಾಮಾನ್ಯ ಖರ್ಚಿಗೆ ಹೋಗುವಂತಿಲ್ಲ, ರಸ್ತೆ ಡಾಂಬರಿಗೆ ಬಳಸುವಂತಿಲ್ಲ. ಧರ್ಮಕಾರ್ಯ ಎಂಬ ಷರತ್ತು ಇಂದಿಗೂ ಜೀವಂತ. ಶಿಶುವಿಹಾರ, ಗ್ರಂಥಾಲಯ, ವೃದ್ಧರ ಆರೈಕೆ, ಆಸ್ಪತ್ರೆ, ಸಂಗೀತ ಸಭಾಂಗಣ, ಸಂಶೋಧನೆಗೆಲ್ಲ ಹಣ ಹರಿದದ್ದು ಈ ತೊರೆಯಿಂದ. 1996ರಲ್ಲಿ ಹಳೆಯ ಬಂದರು ರೈಲು ನಿಲ್ದಾಣದಲ್ಲಿ ತೆರೆದ ಜೆಪ್ಪೆಲಿನ್ ಮ್ಯೂಸಿಯಂನಲ್ಲಿ ಹಿಂಡನ್‌ಬರ್ಗ್‌ನ 33 ಮೀಟರ್ ಭಾಗವನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ.

ಪ್ರತಿಷ್ಠಾನದ ಒಡೆತನ ಜರ್ಮನಿಯಲ್ಲಿ ಹೊಸದೇನಲ್ಲ. ಬೆಂಗಳೂರಿನ ಹಳಬರು ಈಗಲೂ 'ಮೈಕೋ' ಎನ್ನುವ ಬಾಷ್ ಕಂಪನಿಯ ಸುಮಾರು ಶೇ 94ರಷ್ಟು ಬಂಡವಾಳ ರಾಬರ್ಟ್ ಬಾಷ್ ಹೆಸರಿನ ಸೇವಾ ಪ್ರತಿಷ್ಠಾನದ್ದು. ಆದರೆ ಅಲ್ಲಿ ಮತದಾನದ ಹಕ್ಕು ಬೇರೆಯದೇ ಟ್ರಸ್ಟಿನ ಬಳಿ ಇದೆ. ಫ್ರೀಡ್ರಿಕ್ಸ್‌ಹಾಫೆನ್‌ನಲ್ಲಿ ಪ್ರತಿಷ್ಠಾನ ನಡೆಸುವುದು ಚುನಾಯಿತ ನಗರಾಡಳಿತ. ಸ್ವೀಡನ್ನಿನ ವೆಟ್ಟರ್ನ್ ಸರೋವರದ ದಡದ ಯೊನ್‌ಶೋಪಿಂಗ್ ಇದಕ್ಕೆ ತದ್ವಿರುದ್ಧ. 1840ರ ದಶಕದಲ್ಲಿ ಲುಂಡ್‌ಸ್ಟ್ರೋಮ್ ಸಹೋದರರು ಅಲ್ಲಿ ಬೆಂಕಿಪೊಟ್ಟಣದ ಕಾರ್ಖಾನೆ ತೆರೆದರು, ಊರಿನ ಸುರಕ್ಷಿತ ಕಡ್ಡಿ ಜಗತ್ತನ್ನು ಗೆದ್ದಿತು. ಕೊನೆಗೆ ಎಲ್ಲವೂ ಈವಾರ್ ಕ್ರೂಗರ್ ಎಂಬ ಒಬ್ಬ ಉದ್ಯಮಿಯ ಸಾಮ್ರಾಜ್ಯದ ಭಾಗವಾಗಿ, 1932ರಲ್ಲಿ ಆತ ಪ್ಯಾರಿಸ್ಸಿನಲ್ಲಿ ಸತ್ತಾಗ ಆ ಸಾಮ್ರಾಜ್ಯ ಕುಸಿಯಿತು. ಆ ಕಾರ್ಖಾನೆ ಈಗ ಮ್ಯೂಸಿಯಂ. ನಮ್ಮ ಕೆಜಿಎಫ್, ಭದ್ರಾವತಿಗಳ ಜನರಿಗೂ ಒಂದೇ ಉದ್ಯಮವನ್ನು ನಂಬಿದ ಊರಿನ ಪಾಡು ವಿವರಿಸಿ ಹೇಳಬೇಕಿಲ್ಲ. ಫ್ರೀಡ್ರಿಕ್ಸ್‌ಹಾಫೆನ್ ಅವುಗಳಿಗಿಂತ ಭಿನ್ನವಾಗಿ ಬಾಳಿದ್ದು, ಮುಖ್ಯ ವಸ್ತು ಸತ್ತರೂ ಅದರ ಬಿಡಿಭಾಗಗಳು ಬೇರೆ ಗಿರಾಕಿಗಳನ್ನು ಕಂಡುಕೊಂಡಿದ್ದರಿಂದ. ಲಾಭ ಬೇರೆಲ್ಲೋ ಇರುವ ಷೇರುದಾರರಿಗೆ ಹೋಗದೆ ಊರಿನಲ್ಲೇ ಉಳಿಯಿತು ಎಂಬುದೂ ಸಣ್ಣ ಮಾತಲ್ಲ.

ಈ ಕಥೆಗೆ ಒಂದು ತುಂಟ ತಿರುವೂ ಇದೆ. 1997ರ ಸೆಪ್ಟೆಂಬರ್‌ನಲ್ಲಿ ಹೀಲಿಯಂ ತುಂಬಿದ 75 ಮೀಟರ್ ಉದ್ದದ ಹೊಸ ಜೆಪ್ಪೆಲಿನ್ ಇದೇ ಊರಿನಿಂದ ಹಾರಿತು. 2001ರಿಂದ ಪ್ರವಾಸಿಗರನ್ನು ಹತ್ತಿಸಿಕೊಂಡು ಸರೋವರದ ಮೇಲೆ ಸುತ್ತುತ್ತಿದೆ. ವಾಯುನೌಕೆಯ ಉದ್ದೇಶ ನಡೆಸಲಾಗದಿದ್ದರೆ ಆಸ್ತಿ ಊರಿಗೆ ಎಂದು ಷರತ್ತು. ಈಗ ವಾಯುನೌಕೆ ಹಾರುತ್ತಿದೆಯಲ್ಲ? 1947ರ ಹಸ್ತಾಂತರವೇ ಸರಿಯಿಲ್ಲವೆಂದು ಕೌಂಟ್‌ರ ವಂಶಸ್ಥರು ಕೋರ್ಟು ಮೆಟ್ಟಿಲು ಹತ್ತಿ ವರ್ಷಗಟ್ಟಲೆ ಕಾದಾಡಿದ್ದೂ ಆಗಿದೆ.

ಊರಿಗೆ ಸದ್ಯ ಅದಕ್ಕಿಂತ ದೊಡ್ಡ ಚಿಂತೆ ಬೇರೆ. ಜೆಡ್‌ಎಫ್ 2015ರಲ್ಲಿ ಅಮೆರಿಕದ ಟಿಆರ್‌ಡಬ್ಲ್ಯು, 2020ರಲ್ಲಿ ಬ್ರೇಕು ತಯಾರಿಸುವ ವಾಬ್ಕೊ ಕಂಪನಿಗಳನ್ನು ಸಾಲ ಮಾಡಿ ಕೊಂಡಿತು. ಸಾಲ 1,000 ಕೋಟಿ ಯೂರೋ ದಾಟಿತು, ಬಡ್ಡಿ ಏರಿತು. ಅದೇ ಹೊತ್ತಿಗೆ ವಿದ್ಯುತ್ ಕಾರು ಬಂತು. ವಿದ್ಯುತ್ ಮೋಟರಿಗೆ ಎಂಟು ಗೇರಿನ ಪೆಟ್ಟಿಗೆ ಬೇಡ, ಬಹುತೇಕ ಕಾರುಗಳಲ್ಲಿ ಒಂದೇ ಗೇರು ಸಾಕು. ಇತ್ತ ಜರ್ಮನ್ನರು ವಿದ್ಯುತ್ ಕಾರನ್ನು ಎಣಿಸಿದಷ್ಟು ವೇಗವಾಗಿ ಕೊಳ್ಳಲೂ ಇಲ್ಲ, ಹೀಗಾಗಿ ಹೊಸ ಯಂತ್ರಗಳಿಗೆ ಸುರಿದ ಹಣವೂ ಸಿಕ್ಕಿಹಾಕಿಕೊಂಡಿತು. 2028ರೊಳಗೆ ಜರ್ಮನಿಯಲ್ಲಿ 11,000ದಿಂದ 14,000 ಹುದ್ದೆ ಕಡಿತ ಮಾಡುವುದಾಗಿ ಕಂಪನಿ 2024ರ ಜುಲೈನಲ್ಲಿ ಘೋಷಿಸಿತು. ಆ ವರ್ಷದ ನಷ್ಟ 100 ಕೋಟಿ ಯೂರೋಗೂ ಹೆಚ್ಚು. ನೌಕರರು ಬಾವುಟ ಹಿಡಿದು ಬೀದಿಗಿಳಿದರು. ಫ್ರೀಡ್ರಿಕ್ಸ್‌ಹಾಫೆನ್‌ನ ಮೇಯರ್ ಸ್ಥಾನದ ಇಕ್ಕಟ್ಟು ಇಲ್ಲಿಯೇ ಇರುವುದು. ಪ್ರತಿಷ್ಠಾನದ ಪರವಾಗಿ ಕಂಪನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ ಮಾಲೀಕನ ಕುರ್ಚಿಯಲ್ಲಿ ಕೂತು ಹುದ್ದೆ ಕಡಿತದ ಚರ್ಚೆಗೆ ಒಳಗಾಗಬೇಕಾದವರೂ ಅವರೇ, ಕೆಲಸ ಹೋದವರ ಮನೆ ಬಾಗಿಲಿಗೆ ಓಟು ಕೇಳಲು ಹೋಗಬೇಕಾದವರೂ ಅವರೇ.